ದಿವಂಗತ ಎಂ. ಎಂ. ಥಾಮಸ್: ಪ್ರತ್ಯಾಶೆಯನ್ನು ನಂಬಿ ನಡೆದ ಬಾಳು

ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ಬಾಳುವೆ ನಡೆಸುತ್ತಿರುವ ನಮ್ಮ ವಾಚಕರು ಮಲೆಯಾಳದ ಎಷ್ಟೋ ಶಬ್ದಗಳನ್ನು ಗಿರಾಕಿಗಳ ಬಾಯಿಂದಲೇ ಕಲಿತವರು. ಆದರೆ ಊಟದ ಮೇಜಿನ ಬಳಿ ಅಷ್ಟಾಗಿ ಕೇಳಿಬರದೆ, ಇಗರ್ಜಿಗಳ ಬರಹಗಳಲ್ಲಿಯೇ ಹೆಚ್ಚಾಗಿ ಕಣ್ಣಿಗೆ ಬೀಳುವ ಶಬ್ದವೊಂದುಂಟು. ಅದು ‘ಪ್ರತ್ಯಾಶ’. ಕ್ರೈಸ್ತರು ಮುಖ್ಯವೆಂದು ಎಣಿಸುವ ಮೂರು ಗುಣಗಳಲ್ಲಿ ಇದು ನಡುವಿನದು. ವಿಶ್ವಾಸ ಮತ್ತು ಪ್ರೀತಿ ಇದರ ಇಕ್ಕೆಲಗಳಲ್ಲಿ ನಿಂತಿವೆ. ಕನ್ನಡ ಬೈಬಲಿನಲ್ಲಿ ಇದೇ ಗುಣಕ್ಕೆ ‘ನಿರೀಕ್ಷೆ’ ಎಂದು ಹೆಸರಿದೆ. ನಿರೀಕ್ಷೆ ಎಂದೊಡನೆ ದಾರಿ ನೋಡುತ್ತ ಜಗಲಿಯ ಮೇಲೆ ಕುಳಿತವರ ಚಿತ್ರವು ಮನಸ್ಸಿಗೆ ಬರುತ್ತದೆ. ಆಸೆ ಎಂದರೆ ನಮ್ಮ ಹಿರಿಯರು ದುಃಖದ ಮೂಲವೆಂದು ಹೇಳಿ ದೂರವಿಟ್ಟ ವಸ್ತು. ಭರವಸೆಯೋ, ಚುನಾವಣೆಯ ಕಾಲದಲ್ಲಿ ಯಾರೋ ಯಾರಿಗೋ ಕೊಡುವಂತಹುದು. ಈ ಮೂರೂ ಅಲ್ಲದ, ಮನುಷ್ಯನನ್ನು ಜಗಲಿಯಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಒಂದು ಶಕ್ತಿಯಿದೆ, ಅದೇ ಪ್ರತ್ಯಾಶೆ ಎಂದು ತಿಳಿದು ಅದರಂತೆ ನಡೆದವರು ಇದೇ ಕೇರಳದಲ್ಲಿ ಹುಟ್ಟಿದ ಎಂ. ಎಂ. ಥಾಮಸರು.

ಇವರ ಹೆಸರು ಜಿನೀವಾ, ನ್ಯೂಯಾರ್ಕ್ ನಗರಗಳ ವಿದ್ವಾಂಸರಿಗೆ ಪರಿಚಿತವಾದಷ್ಟು ನಮ್ಮ ಕನ್ನಡಿಗರಿಗೆ ಪರಿಚಿತವಾಗಿಲ್ಲ. ಅವರ ತಾರುಣ್ಯವು ತಿರುವನಂತಪುರದ ಬೀದಿಗಳಲ್ಲಿಯೂ, ಪ್ರೌಢ ವಯಸ್ಸಿನ ಸುಮಾರು 19 ವರ್ಷಗಳು ಬೆಂಗಳೂರಿನಲ್ಲಿಯೂ ಕಳೆದವು. ಆದುದರಿಂದ ಎರಡು ಬಗೆಯಲ್ಲಿ ಅವರು ನಮಗೆ ನೆರೆಯವರು. ಅವರು ಪಾದ್ರಿಗಳಲ್ಲ, ದೇವಶಾಸ್ತ್ರದ ಪದವೀಧರರೂ ಅಲ್ಲ. ಓದಿದ್ದು ರಸಾಯನಶಾಸ್ತ್ರ. ಮಿಕ್ಕುದೆಲ್ಲವೂ ಸ್ವಂತ ದುಡಿಮೆಯಿಂದ ಗಳಿಸಿದ ವಿದ್ಯೆ. ಹೆಚ್ಚು ಓದುವ ಅನುಕೂಲವಿಲ್ಲದೆ ಊರು ಬಿಟ್ಟು ಬಂದ ನಮ್ಮಂತಹವರಿಗೆ ಈ ಒಂದು ಸಂಗತಿಯಿಂದಲೇ ಅವರ ಮೇಲೆ ಆದರ ಹುಟ್ಟುತ್ತದೆ.

ಮಡತ್ತಿಲ್‌ಪರಂಬಿಲ್ ಮಾಮ್ಮನ್ ಥಾಮಸರು 1916ನೆಯ ಇಸವಿ ಮೇ 15ರಂದು ಮಧ್ಯ ತಿರುವಾಂಕೂರಿನ ಕೋಳಂಚೇರಿಯಲ್ಲಿ ಜನಿಸಿದರು. ಪಂಪಾನದಿಯ ದಡದಲ್ಲಿರುವ ಊರಿದು. ನದಿಯ ಆಚೆಯ ದಡದಲ್ಲಿ ಮಾರಾಮಣ್ ಇದೆ. ಅಲ್ಲಿ 1895ರಿಂದ ವರ್ಷವರ್ಷವೂ ನದಿಯ ಮರಳಿನ ಮೇಲೆ ಮಾರ್ ತೋಮಾ ಸಭೆಯವರ ದೊಡ್ಡ ಧರ್ಮಸಮ್ಮೇಳನ ನಡೆಯುತ್ತ ಬಂದಿದೆ. ಥಾಮಸರ ಮನೆತನವು ಆ ಸಭೆಗೆ ಸೇರಿದುದು. ಪ್ರಾಚೀನ ಸುರಿಯಾನಿ ಸಂಪ್ರದಾಯವನ್ನು ಬಿಡದೆ, 19ನೆಯ ಶತಮಾನದಲ್ಲಿ ಸುಧಾರಣೆಯನ್ನೂ ಒಪ್ಪಿಕೊಂಡ ಸಭೆಯದು. ಬಾಲ್ಯದಲ್ಲಿ ಕಿವಿಗೆ ಬಿದ್ದ ಆ ಮರಳುದಂಡೆಯ ಪ್ರವಚನಗಳು ವ್ಯಕ್ತಿಯ ಆತ್ಮದ ಉದ್ಧಾರವನ್ನು ಕುರಿತಾಗಿದ್ದುವು. ಸಮಾಜದ ಮಾತು ಅಲ್ಲಿ ಕಡಿಮೆ.

1931ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವರು ತಿರುವನಂತಪುರದ ಮಹಾರಾಜ ವಿಜ್ಞಾನ ಕಾಲೇಜನ್ನು ಸೇರಿದರು. ಮೊದಲ ವರ್ಷದಲ್ಲಿಯೇ ಅವರಿಗೊಂದು ಧಾರ್ಮಿಕ ಅನುಭವವಾಯಿತೆಂದೂ, ಅಂದಿನಿಂದ ಯೇಸುವನ್ನು ತಮ್ಮ ಬಾಳಿನ ಒಡೆಯನೆಂದು ಸ್ವೀಕರಿಸಿದರೆಂದೂ ಅವರೇ ಮುಂದೆ ಬರೆದಿರುವರು. 1935ರಲ್ಲಿ ಪದವಿ ದೊರೆಯಿತು. ಆ ಕಾಲದ ತಿರುವಾಂಕೂರು ಸುಮ್ಮನಿದ್ದ ರಾಜ್ಯವಲ್ಲ. ಶಾಸನಸಭೆಯಲ್ಲಿ ಪ್ರಾತಿನಿಧ್ಯ ಸಾಲದೆಂದು ಈಳವರು, ಕ್ರೈಸ್ತರು, ಮುಸಲ್ಮಾನರು ಸೇರಿ ಚುನಾವಣೆಯಿಂದ ದೂರ ಉಳಿಯುವ ಚಳವಳಿ ಹೂಡಿದ್ದರು. 1936ರ ನವೆಂಬರ 12ರಂದು ದೇವಾಲಯ ಪ್ರವೇಶದ ಘೋಷಣೆ ಹೊರಟಿತು. ಸರ್ ಸಿ. ಪಿ. ರಾಮಸ್ವಾಮಿ ಅಯ್ಯರರು ದಿವಾನರಾದರು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟಿತು, ನೆಯ್ಯಾಟ್ಟಿನ್‌ಕರದಲ್ಲಿ ಗುಂಡು ಹಾರಿತು. ಅದೇ ವರ್ಷ ತಿರುವಾಂಕೂರು ನ್ಯಾಷನಲ್ ಮತ್ತು ಕ್ವಿಲಾನ್ ಬ್ಯಾಂಕು ಮುಳುಗಿ, ಸಾವಿರಾರು ಸಂಸಾರಗಳ, ಅದರಲ್ಲಿಯೂ ಸುರಿಯಾನಿ ಕ್ರೈಸ್ತರ, ಉಳಿತಾಯದ ಹಣ ಸಿಕ್ಕಿಬಿದ್ದಿತು. ಬ್ಯಾಂಕಿನ ಪುಸ್ತಕವೊಂದನ್ನೇ ಭವಿಷ್ಯವೆಂದು ನಂಬಿದವರ ಪಾಡು ಏನಾಗಿರಬೇಕೆಂಬುದನ್ನು ತಿಂಗಳು ತಿಂಗಳೂ ಊರಿಗೆ ಹಣ ಕಳುಹಿಸುವ ನಮ್ಮ ಜನರಿಗೆ ವಿವರಿಸಬೇಕಾಗಿಲ್ಲ.

ಪದವಿಯ ಬಳಿಕ ಎರಡು ವರ್ಷ ಅವರು ಪೆರುಂಬಾವೂರಿನ ಆಶ್ರಮ ಹೈಸ್ಕೂಲಿನಲ್ಲಿ ಉಪಾಧ್ಯಾಯರಾಗಿದ್ದರು. ಎರ್ನಾಕುಳದಿಂದ ಬಹುದೂರವಿಲ್ಲದ ಈ ಊರನ್ನು ನಮ್ಮಲ್ಲಿ ಅನೇಕರು ಕಂಡಿರುವರು. ಅಲ್ಲಿಂದ ಆಲಪ್ಪುಳದ ಕ್ರಿಸ್ತಾಶ್ರಮಕ್ಕೆ ಹೋಗಿ ಗಾಂಧೀಮಾರ್ಗದ ಸರಳ ಜೀವನವನ್ನು ಅಭ್ಯಾಸ ಮಾಡಿ, ಮತ್ತೆ ತಿರುವನಂತಪುರಕ್ಕೆ ಮರಳಿದರು. ಈ ಸಲ ಬಂದುದು ಬೀದಿಯ ಹುಡುಗರಿಗಾಗಿ. ದಿಕ್ಕಿಲ್ಲದೆ ಅಲೆಯುತ್ತಿದ್ದ ಬಾಲಕರಿಗೊಂದು ವಸತಿಯನ್ನು ಏರ್ಪಡಿಸಿ, ಅವರ ಊಟ ನಿದ್ರೆಗಳನ್ನು ನೋಡಿಕೊಂಡರು. ಹೋಟೆಲು ನಡೆಸಿದ ನಮಗೆ ಈ ಹುಡುಗರ ಪರಿಚಯವುಂಟು. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಹಿತ್ತಿಲ ಕಡೆ ಬಂದು ನಿಲ್ಲುವವರು ಅವರೇ. ಅವರಿಗೆ ಒಂದು ಹೊತ್ತಿನ ಅನ್ನ ಕೊಡುವುದು ಕಷ್ಟವಲ್ಲ, ನಾಳೆಯೆಂಬುದೊಂದು ಇದೆ ಎಂದು ನಂಬಿಸುವುದು ಕಷ್ಟ. ಥಾಮಸರಿಗೂ ಅಲ್ಲಿಯೇ ಪ್ರಶ್ನೆ ಎದ್ದಿತೆಂದು ನಾವು ತಿಳಿಯುತ್ತೇವೆ. ಒಬ್ಬ ಹುಡುಗನನ್ನು ಬೀದಿಯಿಂದ ಎತ್ತಿದರೆ ಆ ಬೀದಿಯೇ ಇನ್ನಿಬ್ಬರನ್ನು ಹೆರುತ್ತದೆ. ಹಾಗಾದರೆ ಬೀದಿಯನ್ನು ಏನು ಮಾಡಬೇಕು?

ಈ ಪ್ರಶ್ನೆಯೇ ಅವರನ್ನು ಮಾರ್ಕ್ಸನ ಗ್ರಂಥಗಳ ಕಡೆಗೆ ಕರೆದೊಯ್ದಿತು. 1938ರಲ್ಲಿ ಹುಟ್ಟಿದ ಕೇರಳ ಯುವಕ್ರೈಸ್ತ ಕಾರ್ಯಸಮಿತಿಯಲ್ಲಿ ಅವರು ಮುಂದಾಳಾಗಿ ದುಡಿದರು. ಆ ಸಮಿತಿಯ ತರುಣರು ಸುವಾರ್ತೆಯನ್ನೂ ಸಮಾಜದ ಅನ್ಯಾಯವನ್ನೂ ಒಂದೇ ಮೇಜಿನ ಮೇಲೆ ಇಟ್ಟು ಚರ್ಚಿಸುತ್ತಿದ್ದರು. ಅವರಲ್ಲಿ ಕೆಲವರು ಸಭೆಯಲ್ಲಿ ಉಳಿದರು, ಕೆಲವರು ಪಕ್ಷಗಳಿಗೆ ಹೋದರು. ಥಾಮಸರಿಗೆ ಎರಡೂ ಬೇಕಾಗಿದ್ದುವು.

1943ರಲ್ಲಿ ನಡೆದ ಘಟನೆ ಅವರ ಬಾಳಿನ ಕೀಲಿಯಂತಿದೆ. ಆ ವರ್ಷ ಅವರು ಎರಡು ಅರ್ಜಿಗಳನ್ನು ಹಾಕಿದರು. ಒಂದು, ಪಾದ್ರಿಯಾಗಿ ಅಭಿಷೇಕ ಪಡೆಯಲು ಮಾರ್ ತೋಮಾ ಸಭೆಗೆ. ಇನ್ನೊಂದು, ಸದಸ್ಯತ್ವಕ್ಕಾಗಿ ಕಮ್ಯೂನಿಸ್ಟ್ ಪಕ್ಷಕ್ಕೆ. ಎರಡೂ ತಿರಸ್ಕೃತವಾದುವು. ಸಭೆಯವರಿಗೆ ಈ ತರುಣನ ಮಾರ್ಕ್ಸ್‌ವಾದ ಹಿಡಿಸಲಿಲ್ಲ. ಪಕ್ಷದವರಿಗೆ ಅವನ ಕ್ರಿಸ್ತಭಕ್ತಿ ಹಿಡಿಸಲಿಲ್ಲ. ಇಪ್ಪತ್ತೇಳು ವರ್ಷದ ವಯಸ್ಸು, ಕೈಯಲ್ಲಿ ಸ್ಥಿರವಾದ ಉದ್ಯೋಗವಿಲ್ಲ, ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದೆ. ಇಂತಹ ಸ್ಥಿತಿಯಲ್ಲಿ ಸಾಮಾನ್ಯರು ಏನು ಮಾಡುತ್ತಾರೆ? ಒಂದನ್ನು ಬಿಟ್ಟು ಇನ್ನೊಂದಕ್ಕೆ ಶರಣಾಗುತ್ತಾರೆ, ಇಲ್ಲವೇ ಎರಡನ್ನೂ ಶಪಿಸಿ ಮನೆ ಸೇರುತ್ತಾರೆ. ಥಾಮಸರು ಎರಡನ್ನೂ ಶಪಿಸಲಿಲ್ಲ. ಸಭೆಯು ಎಲ್ಲವನ್ನೂ ಮರಣಾನಂತರದ ಸ್ವರ್ಗಕ್ಕೆ ಮುಂದೂಡಿ ಇಂದಿನ ಹಸಿವನ್ನು ಮರೆಯುತ್ತಿದೆ, ಪಕ್ಷವು ನಾಳೆಯ ಸ್ವರ್ಗವನ್ನು ತಾನೇ ಕಟ್ಟಿಬಿಡುವೆನೆಂದು ಹೇಳಿ ಅಡ್ಡ ಬಂದವರನ್ನು ತುಳಿಯಲು ಸಿದ್ಧವಾಗಿದೆ, ಎರಡೂ ಕಡೆ ಪ್ರತ್ಯಾಶೆ ಅರ್ಧವಾಗಿದೆ ಎಂಬ ತಿಳುವಳಿಕೆ ಅವರಲ್ಲಿ ಕ್ರಮೇಣ ಬಲಿಯಿತು. ಆ ಎರಡು ಅರ್ಧಗಳನ್ನು ಕೂಡಿಸುವ ಯತ್ನವೇ ಅವರ ಮುಂದಿನ ಐವತ್ತು ವರ್ಷಗಳ ಕೆಲಸವಾಯಿತು.

ಬಾಗಿಲು ಮುಚ್ಚಿದ ಸಭೆಯೇ ಎರಡು ವರ್ಷಗಳಲ್ಲಿ ಅವರನ್ನು ತನ್ನ ಯುವಜನರ ಕಾರ್ಯದರ್ಶಿಯಾಗಿ ನೇಮಿಸಿಕೊಂಡಿತು. 1947ರಲ್ಲಿ ಅವರು ಜಿನೀವಾಕ್ಕೆ ಹೋಗಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಕೆಲಸಕ್ಕೆ ನಿಂತರು. ಅಲ್ಲಿಂದ ಏಷ್ಯದ ದೇಶದೇಶಗಳನ್ನು ಸುತ್ತಿದರು. ಭಾರತ, ಬರ್ಮಾ, ಇಂಡೋನೇಷ್ಯಗಳು ಹೊಸದಾಗಿ ಬಂಧನ ಕಳಚಿಕೊಂಡಿದ್ದ ಕಾಲವದು. 1949ರಲ್ಲಿ ಚೀನದಲ್ಲಿ ಕ್ರಾಂತಿಯಾಯಿತು. ಐರೋಪ್ಯ ಮಿಷನರಿಗಳಲ್ಲಿ ಹಲವರಿಗೆ ಇದೆಲ್ಲ ಗಂಡಾಂತರವಾಗಿ ಕಂಡಿತು. ಥಾಮಸರಿಗಾದರೋ, ಶತಮಾನಗಳಿಂದ ತಲೆ ತಗ್ಗಿಸಿದ್ದ ಜನರು ತಾವೂ ಮನುಷ್ಯರೆಂದು ತಲೆಯೆತ್ತುತ್ತಿರುವುದು ಕಂಡಿತು. ಇದರಲ್ಲಿ ದೇವರ ಕೈವಾಡವಿದೆ ಎಂದೇ ಅವರು ವಾದಿಸಿದರು. 1953–54ರಲ್ಲಿ ಒಂದು ವರ್ಷ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಅಧ್ಯಯನ ಮಾಡಿದರು. ಮನುಷ್ಯನ ಪುಣ್ಯಕಾರ್ಯಗಳಲ್ಲಿಯೂ ಅಹಂಕಾರ ಅಡಗಿರುವುದೆಂದು ಎಚ್ಚರಿಸಿದ ರೈನ್‌ಹೋಲ್ಡ್ ನೀಬೂರರ ವಿಚಾರಗಳು ಅವರ ಮೇಲೆ ಗಾಢವಾದ ಪರಿಣಾಮವನ್ನು ಬೀರಿದ್ದುವು.

1957ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ತ ಧರ್ಮಸಮಾಜ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು. ಪಾಲ್ ಡೇವಿಡ್ ದೇವಾನಂದನ್ ಅದರ ನಿರ್ದೇಶಕರು, ಥಾಮಸರು ಸಹನಿರ್ದೇಶಕರು. ಮದರಾಸಿನಲ್ಲಿ ಹುಟ್ಟಿದ ದೇವಾನಂದನರು ಮಾಯಾವಾದವನ್ನು ಕುರಿತು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದ ಪಂಡಿತರು. ಹಿಂದೂ ಧರ್ಮವನ್ನು ವೈರಿಯೆಂದು ನೋಡದೆ ಮಾತುಕತೆಗೆ ಕುಳಿತವರು. 1962ರ ಆಗಸ್ಟಿನಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ಸಂಸ್ಥೆಯ ಭಾರವೆಲ್ಲವೂ ಥಾಮಸರ ಹೆಗಲಿಗೆ ಬಂದು, 1976ರವರೆಗೆ ಅಲ್ಲಿಯೇ ಇದ್ದಿತು. ರಾಮಮೋಹನ ರಾಯರು, ಕೇಶವಚಂದ್ರ ಸೇನರು, ವಿವೇಕಾನಂದರು, ರಾಧಾಕೃಷ್ಣನ್, ಗಾಂಧೀಜಿ ಮೊದಲಾದವರು ಕ್ರಿಸ್ತನನ್ನು ಹೇಗೆ ಕಂಡರೆಂಬುದನ್ನು ಶೋಧಿಸಿದ ಅವರ ಪ್ರಸಿದ್ಧ ಗ್ರಂಥವು ಈ ಬೆಂಗಳೂರಿನ ದಿನಗಳ ಫಲ. ಇಗರ್ಜಿಗೆ ಕಾಲಿಡದ ಹಿಂದೂ ಮಹನೀಯರಿಂದಲೂ ಕ್ರೈಸ್ತರು ಕಲಿಯಬೇಕಾದುದಿದೆ ಎಂಬುದು ಅದರ ಸಾರ. ಅವರ ಇಂಗ್ಲಿಷು ಒಣದಾಗಿದೆ, ವಾಕ್ಯಗಳು ಭಾರವಾಗಿವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಾವಧಾನದಿಂದ ಬಿಡಿಸಿದರೆ ಹಲಸಿನ ಹಣ್ಣಿನಂತೆ ಒಳಗೆ ತೊಳೆಗಳುಂಟು.

ಈ ಹೊತ್ತಿಗೆ ಪಾಶ್ಚಾತ್ಯ ದೇಶಗಳ ದೇವಶಾಸ್ತ್ರದಲ್ಲಿ ಏನಾಗುತ್ತಿದ್ದಿತೆಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ಲೋಕದ ಅಂತ್ಯ, ಸತ್ತವರ ಪುನರುತ್ಥಾನ, ದೇವರ ರಾಜ್ಯ ಎಂಬ ವಿಷಯಗಳನ್ನು ದೇವಶಾಸ್ತ್ರದ ಪುಸ್ತಕಗಳಲ್ಲಿ ಬಹುಕಾಲದಿಂದ ಕೊನೆಯ ಅಧ್ಯಾಯಕ್ಕೆ ಸರಿಸಿಬಿಟ್ಟಿದ್ದರು. ಆಫ್ರಿಕದ ಕಾಡಿನಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಜರರು 1906ರ ತಮ್ಮ ಗ್ರಂಥದಲ್ಲಿ, ಯೇಸುವಿನ ಬೋಧನೆಯೆಲ್ಲವೂ ಬರಲಿರುವ ಆ ರಾಜ್ಯದ ತೀವ್ರ ನಿರೀಕ್ಷೆಯಿಂದಲೇ ತುಂಬಿತ್ತೆಂದು ಸಾಧಿಸಿ ವಿದ್ವಾಂಸರನ್ನು ಬೆಚ್ಚಿಬೀಳಿಸಿದರು. 1954ರಲ್ಲಿ ಅಮೆರಿಕದ ಇವಾನ್‌ಸ್ಟನ್ನಿನಲ್ಲಿ ಕೂಡಿದ ವಿಶ್ವ ಸಭೆಗಳ ಪರಿಷತ್ತಿನ ಮಹಾಸಮ್ಮೇಳನವು, ಲೋಕದ ಪ್ರತ್ಯಾಶೆಯು ಕ್ರಿಸ್ತನೇ ಎಂಬುದನ್ನು ತನ್ನ ಮುಖ್ಯ ವಿಷಯವಾಗಿ ಆರಿಸಿಕೊಂಡಿತು. ಯುದ್ಧದಲ್ಲಿ ಬೆಂದಿದ್ದ ಯುರೋಪಿನವರು ಅಂತ್ಯಕಾಲದ ಕಡೆಗೆ ಬೆರಳು ತೋರಿದರೆ, ಸುಭಿಕ್ಷದಲ್ಲಿದ್ದ ಅಮೆರಿಕದವರು ಇಂದಿನ ಸಮಾಜದ ಸುಧಾರಣೆಯ ಕಡೆಗೆ ತೋರಿದರು. ಜರ್ಮನಿಯ ಯೂರ್ಗೆನ್ ಮೋಲ್ಟ್‌ಮನ್ನರ ‘ಪ್ರತ್ಯಾಶೆಯ ದೇವಶಾಸ್ತ್ರ’ವೆಂಬ ಗ್ರಂಥ ಹೊರಬಂದುದು 1964ರಲ್ಲಿ. 1943ರ ಜುಲೈಯಲ್ಲಿ ಹ್ಯಾಂಬರ್ಗ್ ನಗರ ಬಾಂಬಿನ ಬೆಂಕಿಗೆ ತುತ್ತಾದಾಗ ಪಕ್ಕದಲ್ಲಿ ನಿಂತಿದ್ದ ಸ್ನೇಹಿತನು ಸತ್ತು ತಾನು ಉಳಿದ ಹುಡುಗನು ಇವರು. 1945ರಿಂದ 1948ರವರೆಗೆ ಯುದ್ಧಕೈದಿಯಾಗಿದ್ದು, ಆ ಶಿಬಿರಗಳಲ್ಲಿಯೇ ಬೈಬಲು ಓದಿ ವಿಶ್ವಾಸಿಯಾದವರು. ಕೊನೆಯ ಅಧ್ಯಾಯವೇ ಮೊದಲನೆಯದಾಗಬೇಕು, ಬರಲಿರುವುದರ ಬೆಳಕಿನಲ್ಲಿಯೇ ಇಂದಿನದನ್ನು ನೋಡಬೇಕು, ಆಗ ಇಂದಿನ ಅನ್ಯಾಯವು ಸಹಿಸಲಾರದ್ದೆಂದು ತೋರುತ್ತದೆ ಎಂಬುದು ಅವರ ವಾದ. ಅವರು 2024ರಲ್ಲಿ ತೀರಿಕೊಂಡರು.

ಇಲ್ಲಿ ಕನ್ನಡ ಪತ್ರಿಕೆಯವರಾದ ನಾವು ಒಂದು ಮಾತನ್ನು ಸೇರಿಸದೆ ಮುಂದೆ ಹೋಗಲಾರೆವು. ಮೋಲ್ಟ್‌ಮನ್ನರು ತಮ್ಮ ವಿಚಾರದ ಹಿರಿಯರೆಂದು ನೆನೆಯುವವರಲ್ಲಿ ಬ್ಲೂಮ್‌ಹಾರ್ಟ್ ಎಂಬ ತಂದೆಮಕ್ಕಳುಂಟು. ತಂದೆ ಯೋಹಾನ್ ಕ್ರಿಸ್ತೋಫ್ ಬ್ಲೂಮ್‌ಹಾರ್ಟರು 1830ರಿಂದ 1837ರವರೆಗೆ ಬಾಸೆಲ್ ಮಿಷನ್ನಿನ ಮನೆಯಲ್ಲಿ ಉಪಾಧ್ಯಾಯರಾಗಿದ್ದರು. ಆ ವರ್ಷಗಳಲ್ಲಿಯೇ ಅದೇ ಮನೆಯಿಂದ ಹೊರಟು 1836ರಲ್ಲಿ ಮಂಗಳೂರಿಗೆ ಬಂದಿಳಿದವರು ಹೆರ್ಮನ್ ಮೋಗ್ಲಿಂಗರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರೂ ಅವರೇ. ಮಗ ಕ್ರಿಸ್ತೋಫ್ ಬ್ಲೂಮ್‌ಹಾರ್ಟರಂತೂ ದೇವರ ರಾಜ್ಯವು ಕೂಲಿಕಾರರ ಹಕ್ಕುಗಳಿಗೂ ಸಂಬಂಧಿಸಿದುದೆಂದು ನಂಬಿ 1899ರಲ್ಲಿ ಸಮಾಜವಾದಿ ಪಕ್ಷ ಸೇರಿದರು. ಶಾಸನಸಭೆಗೆ ಆಯ್ಕೆಯಾದರು. ಪಾದ್ರಿಯೆಂಬ ಬಿರುದನ್ನು ಕಳೆದುಕೊಂಡರು. ತಿರುವನಂತಪುರದ ತರುಣನ ಎರಡು ಅರ್ಜಿಗಳ ಕಥೆಗೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರೇ ಗಮನಿಸಬಹುದು.

ಆದರೆ ಥಾಮಸರು ಜರ್ಮನಿಯ ಪುಸ್ತಕಕ್ಕಾಗಿ ಕಾದು ಕುಳಿತವರಲ್ಲ. ಅವರ ವಿಚಾರವು ಏಷ್ಯದ ಬೀದಿಗಳಿಂದ ಬಂದುದು. ಅದನ್ನು ನಮ್ಮ ವಾಚಕರ ಅನುಭವದಿಂದಲೇ ವಿವರಿಸಲು ಯತ್ನಿಸುತ್ತೇವೆ. ಕೇರಳದಲ್ಲಿ 1960ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಬಂದಿತು. ದಿನಕ್ಕೆ 8 ಗಂಟೆಯ ಕೆಲಸ, ವಾರಕ್ಕೊಂದು ರಜೆ ಎಂಬ ನಿಯಮ ಅದರಿಂದ ಉಂಟಾಯಿತು. ಹೋಟೆಲುಗಳಿಗೂ ಅದು ಅನ್ವಯಿಸುತ್ತದೆ. ಬಟ್ಟೆಯಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕಾಗಿದ್ದ ಹೆಂಗಸರು ಹೋರಾಡಿದ ಫಲವಾಗಿ 2018ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಗಿ, ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕು ಸಿಕ್ಕಿತು. ಒಂದು ಸ್ಟೂಲಿನ ಮೇಲೆ ಕುಳಿತುಕೊಳ್ಳುವ ಹಕ್ಕು! ಮೋಕ್ಷದ ಮುಂದೆ ಇದು ಎಷ್ಟರದು ಎಂದು ಕೇಳುವವರುಂಟು. ಮನುಷ್ಯನು ಮನುಷ್ಯನಾಗಿ ಬಾಳಲು ಪಡೆದ ಇಂತಹ ಪ್ರತಿಯೊಂದು ಚಿಕ್ಕ ಜಯವೂ ದೇವರ ಅಂತಿಮ ರಾಜ್ಯಕ್ಕೆ ಸೇರಿದುದೇ, ಅದು ವ್ಯರ್ಥವಾಗದು ಎಂಬುದು ಥಾಮಸರ ಬರಹಗಳಿಂದ ದೊರೆಯುವ ಉತ್ತರ. ಇದು ಅವರ ಉಪದೇಶದ ಒಂದು ಮುಖ. ಇನ್ನೊಂದು ಮುಖವು ಇದಕ್ಕಿಂತ ಕಠಿಣವಾದುದು. ಚಿಕ್ಕ ಜಯವನ್ನೇ ಸ್ವರ್ಗವೆಂದು ಸಾರಿದ ದಿನ, ಅದನ್ನು ಗೆದ್ದುಕೊಟ್ಟ ಸಂಘ, ಪಕ್ಷ ಅಥವಾ ನಾಯಕನು ದೇವರ ಪೀಠವನ್ನೇರುತ್ತಾನೆ. ಬಳಿಕ ಪ್ರಶ್ನೆ ಕೇಳಿದವನು ದ್ರೋಹಿಯಾಗುತ್ತಾನೆ. ಅಂತಿಮ ಪ್ರತ್ಯಾಶೆಯು ದೇವರ ಕೈಯಲ್ಲಿದೆ ಎಂದು ತಿಳಿದವನು ಮಾತ್ರ ಇಂದಿನ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡಿಯೂ ಅದನ್ನು ಪೂಜಿಸದೆ ಇರಬಲ್ಲನು. ಶತ್ರುವನ್ನು ಕ್ಷಮಿಸಲಾರದ ಕ್ರಾಂತಿಯು ಕೊನೆಗೆ ತನ್ನ ಮಕ್ಕಳನ್ನೇ ನುಂಗುವುದೆಂದೂ, ಆದುದರಿಂದ ಶಿಲುಬೆಯ ಕ್ಷಮೆಯಿಲ್ಲದ ಪ್ರತ್ಯಾಶೆ ಅಪಾಯಕರವೆಂದೂ ಅವರು ಮತ್ತೆ ಮತ್ತೆ ಎಚ್ಚರಿಸಿದರು.

1966ರಲ್ಲಿ ಜಿನೀವಾದಲ್ಲಿ ಸಭೆ ಮತ್ತು ಸಮಾಜವನ್ನು ಕುರಿತ ವಿಶ್ವಸಮ್ಮೇಳನ ನಡೆದಾಗ ಥಾಮಸರೇ ಅಧ್ಯಕ್ಷರು. ಸುಮಾರು 400 ಮಂದಿ ಕೂಡಿದ್ದ ಆ ಸಮ್ಮೇಳನದಲ್ಲಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳವರ ದನಿ ಮೊದಲ ಬಾರಿಗೆ ಪಾಶ್ಚಾತ್ಯರ ದನಿಗೆ ಸರಿಸಮವಾಗಿ ಕೇಳಿಬಂದಿತು. ಎರಡು ವರ್ಷಗಳ ತರುವಾಯ ಸ್ವೀಡನ್ನಿನ ಉಪ್ಸಾಲದಲ್ಲಿ ಮಹಾಸಮ್ಮೇಳನ ನಡೆಯಿತು. ದೇವರು ಸಕಲವನ್ನೂ ಹೊಸದಾಗಿಸುವನೆಂಬುದೇ ಅದರ ವಿಷಯ. ಉದ್ಘಾಟನೆಯ ಪ್ರವಚನ ಮಾಡಬೇಕಾಗಿದ್ದ ಮಾರ್ಟಿನ್ ಲೂಥರ್ ಕಿಂಗರು ಆ ವರ್ಷದ ಏಪ್ರಿಲಿನಲ್ಲಿ ಗುಂಡಿಗೆ ಬಲಿಯಾಗಿದ್ದರು. ಆ ಸಂದರ್ಭದಲ್ಲಿಯೇ ಥಾಮಸರು ವಿಶ್ವ ಪರಿಷತ್ತಿನ ಕೇಂದ್ರಸಮಿತಿಯ ಅಧ್ಯಕ್ಷರಾಗಿ ಚುನಾಯಿತರಾದರು. ಸಭೆಯು ಪಾದ್ರಿಯಾಗಲು ಒಪ್ಪದಿದ್ದ ಮನುಷ್ಯನು ಹೀಗೆ ಜಗತ್ತಿನ ನೂರಾರು ಸಭೆಗಳ ಕೂಟಕ್ಕೆ ಮುಂದಾಳಾದನು. 1970ರಲ್ಲಿ ಆ ಪರಿಷತ್ತು ದಕ್ಷಿಣ ಆಫ್ರಿಕದ ಭಾಗದಲ್ಲಿ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಸಂಘಟನೆಗಳಿಗೆ ಹಣ ಕೊಡಲು ತೊಡಗಿದಾಗ ಯುರೋಪಿನ ಶ್ರೀಮಂತ ಸಭೆಗಳಿಂದ ಭಾರೀ ಆಕ್ಷೇಪ ಬಂದಿತು. ಥಾಮಸರು ಹಿಂಜರಿಯಲಿಲ್ಲ. ಈ ನಡುವೆ, 1969ರಲ್ಲಿ, ಅವರ ಪತ್ನಿ ಪೆನ್ನಮ್ಮನವರು ತೀರಿಕೊಂಡಿದ್ದರು. ಸಭೆ ಸಮ್ಮೇಳನಗಳೆಂದು ಲೋಕ ಸುತ್ತುತ್ತಿದ್ದ ಗಂಡನ ಸಂಸಾರವನ್ನು ನಡೆಸಿದವರು ಆಕೆ. ತಿರುವಲ್ಲದ ಮನೆಗೆ ಅವರು ಆಕೆಯ ಹೆಸರನ್ನೇ ಇಟ್ಟರು.

ಮದರಾಸಿನಲ್ಲಿ ಬಿಷಪರಾಗಿದ್ದ ಲೆಸ್ಲಿ ನ್ಯೂಬಿಗಿನ್ನರೊಡನೆ ನಡೆದ ವಾದವನ್ನೂ ಇಲ್ಲಿ ಹೇಳಬೇಕು. ಕ್ರಿಸ್ತನನ್ನು ಒಪ್ಪಿದ ಹಿಂದೂವೊಬ್ಬನು ತನ್ನ ಸಮುದಾಯವನ್ನು ಬಿಟ್ಟು ಬೇರೊಂದು ಜಾತಿಯಂತಾಗಿರುವ ಕ್ರೈಸ್ತ ಗುಂಪನ್ನು ಸೇರಲೇಬೇಕೆ, ತನ್ನವರ ನಡುವೆಯೇ ಇರಬಾರದೆ ಎಂದು ಥಾಮಸರು ಕೇಳಿದರು. ಕಣ್ಣಿಗೆ ಕಾಣುವ ಸಭೆಯಿಲ್ಲದೆ ಕ್ರೈಸ್ತತನವಿಲ್ಲವೆಂದು ಬಿಷಪರು ಉತ್ತರಿಸಿದರು. ಹೊಸ ಮಾನವತೆಯ ಪ್ರತ್ಯಾಶೆಯು ಇಗರ್ಜಿಯ ದಾಖಲೆ ಪುಸ್ತಕಕ್ಕಿಂತ ದೊಡ್ಡದು ಎಂಬುದು ಥಾಮಸರ ನಿಲುವು. ಸ್ವಜನರಲ್ಲಿಯೇ ಹಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅನ್ಯಧರ್ಮೀಯರಾದ ನಮಗೆ ಇದರಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲವಾದರೂ, ನೆರೆಹೊರೆಯವರಾಗಿ ಬಾಳುವುದಕ್ಕೆ ಥಾಮಸರ ನಿಲುವೇ ಸುಲಭವೆಂದು ಹೇಳಬಹುದು.

1975ರ ಜೂನಿನಲ್ಲಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಆ ಇಪ್ಪತ್ತೊಂದು ತಿಂಗಳುಗಳು ಅವರ ಪ್ರತ್ಯಾಶೆಗೆ ಒರೆಗಲ್ಲಾದುವು. ರೈಲುಗಳು ವೇಳೆಗೆ ಸರಿಯಾಗಿ ಓಡುತ್ತಿವೆ, ಬಡವರಿಗಾಗಿ 20 ಅಂಶಗಳ ಕಾರ್ಯಕ್ರಮ ಬಂದಿದೆ ಎಂದು ಮೆಚ್ಚಿ ಅನೇಕ ಕ್ರೈಸ್ತ ಮುಖಂಡರು ಸರಕಾರಕ್ಕೆ ಅಭಿನಂದನೆ ಸಲ್ಲಿಸಿದರು. ದೇಶದ ಅಭಿವೃದ್ಧಿಯ ಹೆಸರಿನಲ್ಲಿ ಬಂದ ಆ ಆಜ್ಞೆಯಲ್ಲಿ ಥಾಮಸರು ತಾವು ಮೊದಲಿನಿಂದಲೂ ಹೆದರಿದ್ದ ವಿಗ್ರಹವನ್ನೇ ಕಂಡರು. ರೊಟ್ಟಿ ಕೊಡುವೆನು, ಬಾಯಿ ಮುಚ್ಚಿಕೊಂಡಿರು ಎನ್ನುವ ಪ್ರಭುತ್ವದಿಂದ ಮನುಷ್ಯತ್ವಕ್ಕೆ ಏಳಿಗೆಯಿಲ್ಲವೆಂದು ಅವರು ಮದರಾಸಿನ ‘ಗಾರ್ಡಿಯನ್’ ವಾರಪತ್ರಿಕೆಯಲ್ಲಿ ಸೆನ್ಸಾರಿನ ಕತ್ತರಿಯ ಕೆಳಗೇ ಬರೆದರು. ಅವರದೇ ಸಭೆಯ ಮಹಾಬಿಷಪ್ ಯೂಹಾನೋನ್ ಮಾರ್ ತೋಮಾ ಅವರೂ ತುರ್ತುಪರಿಸ್ಥಿತಿಯನ್ನು ತೆಗೆಯಬೇಕೆಂದು ಪ್ರಧಾನಿಗೆ ಪತ್ರ ಬರೆದು, ಆ ವಿರಳರ ಸಾಲಿನಲ್ಲಿ ನಿಂತರು. ಥಾಮಸರ ಆ ಲೇಖನಗಳು 1979ರಲ್ಲಿ ಪುಸ್ತಕವಾಗಿ ಬಂದುವು. ಪತ್ರಿಕೆ ನಡೆಸುವವರು ಅದನ್ನೊಮ್ಮೆ ಓದಬೇಕು. ಅಲ್ಲಿಯ ಭಾಷೆ ಅವರ ಬೇರೆ ಗ್ರಂಥಗಳಷ್ಟು ಭಾರವಾಗಿಲ್ಲ, ಸಿಟ್ಟು ಅದನ್ನು ಹಗುರಗೊಳಿಸಿದೆ.

1976ರಲ್ಲಿ ಬೆಂಗಳೂರನ್ನು ಬಿಟ್ಟು ಅವರು ತಿರುವಲ್ಲಕ್ಕೆ ಬಂದರು. ಅವರು ಬಿಟ್ಟು ಬಂದ ಅದೇ ಬೆಂಗಳೂರಿನಲ್ಲಿ 1978ರ ಆಗಸ್ಟಿನಲ್ಲಿ ವಿಶ್ವ ಪರಿಷತ್ತಿನ ವಿಶ್ವಾಸ ಮತ್ತು ವ್ಯವಸ್ಥೆಯ ಆಯೋಗವು ಕೂಡಿತು. 1971ರಿಂದ ಯೋಚಿಸಿ, 1974ರಲ್ಲಿ ಘಾನಾದ ಅಕ್ರಾದಲ್ಲಿ ಚರ್ಚಿಸಿ ಬೆಳೆಸಿದ, ಪ್ರತ್ಯಾಶೆಯನ್ನು ಕುರಿತ ಸಮಾನ ಹೇಳಿಕೆಯೊಂದನ್ನು ಅಲ್ಲಿ ಅಂಗೀಕರಿಸಿದರು. ಒಂದು ದೇಶದವರ ಪ್ರತ್ಯಾಶೆ ಇನ್ನೊಂದು ದೇಶದವರಿಗೆ ಭಯವಾಗಬಹುದೆಂಬುದನ್ನೂ, ಪ್ರತ್ಯಾಶೆಯಿಂದ ಬಾಳುವುದೆಂದರೆ ಗಂಡಾಂತರಕ್ಕೆ ಮೈಯೊಡ್ಡುವುದೆಂಬುದನ್ನೂ ಆ ಹೇಳಿಕೆ ಒಪ್ಪಿಕೊಂಡಿತು. 1943ರಲ್ಲಿ ತಿರುವಾಂಕೂರಿನ ತರುಣನೊಬ್ಬನು ಒಂಟಿಯಾಗಿ ಹೊತ್ತ ಮಾತು ಹೀಗೆ ಸಮ್ಮೇಳನದ ಮಾತಾಯಿತು.

ಮುಪ್ಪಿನಲ್ಲಿ ಅವರ ವಿಚಾರ ಇನ್ನೂ ಬದಲಾಯಿತು. ಸ್ವಾತಂತ್ರ್ಯದ ಹೊಸತರಲ್ಲಿ ಯಂತ್ರ, ಅಣೆಕಟ್ಟು, ಯೋಜನೆಗಳ ಮೇಲೆ ಅವರಿಟ್ಟಿದ್ದ ವಿಶ್ವಾಸ ಕುಗ್ಗಿತು. ಅಭಿವೃದ್ಧಿಯ ಗಾಲಿಗೆ ಸಿಕ್ಕಿದ ದಲಿತರು, ಆದಿವಾಸಿಗಳು, ಬೆಸ್ತರು ಅವರ ಬರಹಗಳ ನಡುವೆ ಬಂದು ನಿಂತರು. ಆ ವರ್ಷಗಳಲ್ಲಿಯೇ ತಿರುವನಂತಪುರದಿಂದ ಕೊಚ್ಚಿಯವರೆಗಿನ ಕಡಲತೀರದಲ್ಲಿ ಸಾಂಪ್ರದಾಯಿಕ ಬೆಸ್ತರು ಯಂತ್ರದ ಟ್ರಾಲರುಗಳ ವಿರುದ್ಧ ಎದ್ದಿದ್ದರು. ಫಾದರ್ ಥಾಮಸ್ ಕೋಚೇರಿಯವರಂತಹ ಪಾದ್ರಿಗಳೂ ಕ್ರೈಸ್ತ ಸಂನ್ಯಾಸಿನಿಯರೂ ಅವರೊಡನೆ ಉಪವಾಸ ಕುಳಿತರು. 1988ರಿಂದ ಮಳೆಗಾಲದಲ್ಲಿ ಟ್ರಾಲರು ಮೀನುಗಾರಿಕೆಗೆ ನಿಷೇಧ ಬಂದಿತು. ಶಾಕಾಹಾರಿ ಹೋಟೆಲುಗಳ ನಮ್ಮ ಜನರಿಗೆ ಮೀನಿನ ಪೇಟೆಯ ಗೊಡವೆ ಇಲ್ಲದಿರಬಹುದು. ಆದರೂ ಜೂನ್ ತಿಂಗಳಲ್ಲಿ ಕೊಚ್ಚಿಯ ಬಂದರಿನಲ್ಲಿ ಸಾಲಾಗಿ ಕಟ್ಟಿಹಾಕಿದ ಟ್ರಾಲರು ದೋಣಿಗಳನ್ನು ಕಂಡಾಗ, ಪುಸ್ತಕದ ದೇವಶಾಸ್ತ್ರವು ದಡಕ್ಕಿಳಿದು ಬರಬಲ್ಲದೆಂದು ಅನಿಸದಿರದು.

1990ರಲ್ಲಿ ವಿ. ಪಿ. ಸಿಂಗರ ಸರಕಾರವು ಥಾಮಸರನ್ನು ನಾಗಾಲ್ಯಾಂಡಿನ ರಾಜ್ಯಪಾಲರನ್ನಾಗಿ ನೇಮಿಸಿತು. ವಯಸ್ಸು ಎಪ್ಪತ್ತನಾಲ್ಕು. ಬಂದೂಕಿನ ನಡುವೆ ಬಾಳುತ್ತಿದ್ದ ಆ ಕ್ರೈಸ್ತಬಹುಳ ರಾಜ್ಯದಲ್ಲಿ ಅವರು ಸಭೆಗಳಿಗೂ ವಿದ್ಯಾರ್ಥಿಗಳಿಗೂ ಉಪನ್ಯಾಸ ಕೊಡುತ್ತ ರಾಜಭವನವನ್ನು ಪಾಠಶಾಲೆಯಂತೆ ಮಾಡಿಕೊಂಡರು. 1992ರಲ್ಲಿ ಮುಖ್ಯಮಂತ್ರಿ ವಾಮುಜೋ ಅವರ ಸಲಹೆಯಂತೆ, ದೆಹಲಿಯನ್ನು ಕೇಳದೆ, ವಿಧಾನಸಭೆಯನ್ನು ವಿಸರ್ಜಿಸಿದರು. ಆಗ ಅಧಿಕಾರದಲ್ಲಿದ್ದ ಕೇಂದ್ರ ಸರಕಾರವು ರಾಷ್ಟ್ರಪತಿ ಆಡಳಿತವನ್ನು ಹೇರಿ, ಅವರನ್ನು ಹುದ್ದೆಯಿಂದ ತೆಗೆದುಹಾಕಿತು. ಅವರು ಆತುರಪಟ್ಟರೆಂದು ಹೇಳುವವರುಂಟು. ಚುನಾಯಿತ ಮಂತ್ರಿಮಂಡಲದ ಸಲಹೆಗೆ ರಾಜ್ಯಪಾಲರು ಬದ್ಧರೆಂಬುದು ನಿಜವಾಗಿರುವಾಗ ಅವರ ಕ್ರಮವು ಸರಿಯಾಗಿದ್ದಿತೆಂದೇ ನಮ್ಮ ಅಭಿಪ್ರಾಯ. ಹೀಗೆ ಸಭೆ, ಪಕ್ಷಗಳ ಬಳಿಕ ಸರಕಾರವೂ ಒಮ್ಮೆ ಅವರಿಗೆ ಬಾಗಿಲು ತೋರಿಸಿತು. ಅವರು ಗಂಟುಮೂಟೆ ಕಟ್ಟಿಕೊಂಡು ತಿರುವಲ್ಲಕ್ಕೆ ಬಂದು, ಬೈಬಲಿನ ಒಂದೊಂದು ಪುಸ್ತಕಕ್ಕೂ ಮಲೆಯಾಳದಲ್ಲಿ ಸಾಮಾನ್ಯ ಜನರಿಗಾಗಿ ಚಿಕ್ಕ ಚಿಕ್ಕ ವ್ಯಾಖ್ಯಾನಗಳನ್ನು ಬರೆಯುವ ತಮ್ಮ ಹಳೆಯ ಕೆಲಸವನ್ನು ಮುಂದುವರಿಸಿದರು. ಇಂಗ್ಲಿಷಿನಲ್ಲಿ ಪಂಡಿತರಿಗೆ ಹೇಳಿದುದನ್ನು ಪಂಪಾತೀರದ ರೈತನಿಗೆ ಅವನ ಮಾತಿನಲ್ಲಿಯೇ ಹೇಳಬೇಕೆಂಬ ಹಟ ಅವರಿಗಿದ್ದಿತು. ಮುಂದೆ ಆ ಪುಸ್ತಕಗಳನ್ನೇ ಇತರರು ಇಂಗ್ಲಿಷಿಗೆ ಅನುವಾದಿಸಿದರು.

1996ರ ಡಿಸೆಂಬರ 3ರಂದು, ಚೆನ್ನೈಯಿಂದ ತಿರುವಲ್ಲಕ್ಕೆ ರೈಲಿನಲ್ಲಿ ಮರಳುತ್ತಿದ್ದಾಗ, ದಾರಿಯ ನಡುವೆಯೇ ಅವರ ಪ್ರಾಣವು ಹೋಯಿತು. ಆಗ ಅವರಿಗೆ ಎಂಬತ್ತು ವರ್ಷ.